ಸ್ವಿಚ್ಚಿಲ್ಲದ ಗೂಡು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲಾ ಕಾರ್ಖಾನೆಯ ಟೀ ಕುಡಿದೇ ದಿನ ನೂಕುತ್ತಿದ್ದೀಯೋ? ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಅವಳ ಬಲಗೈ ಸುಟ್ಟಿದೆ ಕಣೋ. ಬೆರಳು ಮಡಚಲು ಆಗುತ್ತಿಲ್ಲ, ನಾನೇ ತುತ್ತು ಕೊಡುತ್ತಿದ್ದೇನೆ. ಗಾಬರಿಯಾಗಬೇಡ ಎನ್ನಲು ನನಗೇ ಧೈರ್ಯವಿಲ್ಲ.

ನೀನೇ ವಿನ್ಯಾಸ ಮಾಡಿದ ಹೀಟರನ್ನು ಅಮ್ಮನ ಕಾಲು ಬೆಚ್ಚಗಿರಲಿ ಎಂದು ಕಳಿಸಿದ್ದೆಯಲ್ಲ, ಅದನ್ನು ಅವಳು ಕಾಲಿನಿಂದಲೇ ಹತ್ತಿರಕ್ಕೆ ಎಳೆದುಕೊಳ್ಳಲು ಹೋಗಿ ಬೀಳಿಸಿದಳು. ಎದ್ದು ಎತ್ತಿಡುವ ಅಭ್ಯಾಸ ಅವಳಿಗೆ ಯಾವತ್ತಿತ್ತು? ಬೋರಲು ಬಿದ್ದರೂ ಅದು ಆರಲಿಲ್ಲ. ಜಮಖಾನ ಹೊತ್ತಿಕೊಂಡಿತು, ಎತ್ತಲು ಹೋಗಿ ಕೈ ಸುಟ್ಟುಕೊಂಡಳು. "ತಪ್ಪು ನಂದೇ ಕಣೇ, ಅವನಿಗೆ ಹೇಳ್ಬೇಡ, ಕೊರಗ್ತಾನೆ" ಎಂದು ಒಂದೇ ರಾಗ. ಸದಾ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೇ ಫೋನಿನಲ್ಲಿ ಹೇಳಲಾಗಲಿಲ್ಲ.

ಬಿದ್ದರೆ ತಾನಾಗಿ ಆರುವ ಸ್ವಿಚ್ ಇದೆ ಎಂದು ನೀನೇ ಜಂಬ ಕೊಚ್ಚಿದ್ದೆ. ತಡೆಯಲಾರದೆ ಇವತ್ತು ಬಿಚ್ಚಿದೆ. ಚಿಕ್ಕವನಿದ್ದಾಗ ರೇಡಿಯೋ ಬಿಚ್ಚಿ ನೀನು ಮಾಡುತ್ತಿದ್ದ ಹಾಗೆಯೇ, ತೆಗೆದ ಸ್ಕ್ರೂಗಳನ್ನು ಮೊಟ್ಟೆ ಟ್ರೇಯ ಗುಳಿಗಳಲ್ಲಿ ಸಾಲಾಗಿ ಇಟ್ಟುಕೊಂಡೆ. ಜಾಲರಿ ಗಟ್ಟಿ ಉಕ್ಕಿನದು. ಕೆಂಪಗೆ ಕಾಯುವ ತಂತಿಯ ಹಿಂದಿನ ಪಿಂಗಾಣಿ ಒಂಚೂರೂ ಬಿರಿದಿಲ್ಲ. ನನ್ನ ತಮ್ಮ ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾನೆ ಎಂದು ಆ ಸಂಕಟದಲ್ಲೂ ಹೆಮ್ಮೆಪಟ್ಟೆ. ಆಮೇಲೆ ತಳ ಬಿಚ್ಚಿದೆ. ಸ್ವಿಚ್ ಕೂರಲು ಗೂಡಿದೆ, ಸ್ಕ್ರೂಗೆ ತೂತುಗಳಿವೆ, ಸ್ವಿಚ್ ಮಾತ್ರ ಇಲ್ಲ. ವೈರು ಆ ಗೂಡನ್ನು ದಾಟಿ ನೇರ ತಂತಿಗೇ ಹೋಗಿದೆ.

ಇದು ಪರೀಕ್ಷೆಗೆ ಮಾಡಿದ ಮೊದಲ ಪೀಸು, ಅಂಗಡಿಗೆ ಹೋದವಕ್ಕೆಲ್ಲ ಸ್ವಿಚ್ ಇದೆ ಎಂದು ಹೇಳಿಬಿಡು. "ಅಕ್ಕಾ, ನಿಂಗೇನು ಗೊತ್ತು" ಎಂದು ಬೈದರೂ ಸರಿ. ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳಲು ನನಗೆ ಬಾಯಿ ಬರುತ್ತಿಲ್ಲ. ಕೈಮುಗಿಯುತ್ತೇನೆ, ಉತ್ತರ ಕೊಡು. ಎದುರು ಮನೆಯ ಡ್ರೈವರ್ ಸಂಜೆ ನಿಮ್ಮೂರಿನ ಕಡೆ ಹೊರಡುತ್ತಾನೆ, ಅವನ ಕೈಲೇ ಈ ಕಾಗದ ಕಳಿಸುತ್ತಿದ್ದೇನೆ.

ಅಮ್ಮ ಎಡಗೈಯಲ್ಲೇ ಆಶೀರ್ವಾದ ಮಾಡಿದ್ದಾಳೆ. ಹುಷಾರಾಗಿರು.

ನಿನ್ನ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದವಳು ಹರಿದು ಬರೆಯುತ್ತಿದ್ದೇನೆ. ಅಮ್ಮ ನಿನ್ನನ್ನು ಹೊಗಳಿದ್ದು ಕೇಳಿ ಪಕ್ಕದ ಮನೆ ಟೈಲರಮ್ಮ ಅಂಗಡಿಯಿಂದ ಇದೇ ಹೀಟರ್ ತಂದಿದ್ದರಂತೆ. ಮಗುವಿನ ತೊಟ್ಟಿಲ ಪಕ್ಕದಲ್ಲಿ ಉರಿಯುತ್ತಿತ್ತು. ಕಿತ್ತುಕೊಂಡು ಬಂದು ಬಿಚ್ಚಿದೆ. ಅದರ ಗೂಡೂ ಖಾಲಿ. ಉಳಿದವು ಯಾರ ಯಾರ ಮನೆಯಲ್ಲಿವೆಯೋ! ಈಗಲೇ ಮಾರಾಟ ನಿಲ್ಲಿಸು. ಅಮ್ಮ ಕೇಳಿಸಿಕೊಂಡರೂ ಸರಿ, ಫೋನು ಮಾಡುತ್ತಲೇ ಇದ್ದೇನೆ, ಎತ್ತೋ.