ಸೂಪಿಗೆ ಬಿದ್ದ ಪರಾಗ

ಕೆತಾಮಾ ಬೆಟ್ಟ,
ಏಪ್ರಿಲ್ 3

ನನ್ನ ಮುಫದ್ದಲ್ ಅವರಿಗೆ ಯಾಮ್ನಾಳ ಸಲಾಮು.

ಆರೋಗ್ಯ ಹೇಗಿದೆ? ಮೀನು ಬಂದರಿನ ಥಂಡಿಗೆ ಮಂಡಿನೋವು ಹೆಚ್ಚಾಗಿಲ್ಲ ತಾನೆ? ಆಲಿವ್ ಎಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಿ. ಹಚ್ಚಿಕೊಳ್ಳುವುದಿಲ್ಲ ಅಂತ ಗೊತ್ತು, ಆದರೂ ಬರೆಯುತ್ತೇನೆ. ಅತ್ತೆ ಗಟ್ಟಿಯಾಗಿದ್ದಾರೆ, ನನ್ನನ್ನು ಬೈಯುವಷ್ಟು ಗಟ್ಟಿ. ಹಬ್ಬ ಮುಗಿದು ಮೂರು ದಿನವಾಯಿತು. ಈ ಸಲವೂ ನಿಮಗೊಂದು ನಿಲುವಂಗಿ ಹೊಲಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ನಿನ್ನೆ ಮೇಲಿನ ಹೊಲ ಉತ್ತಾಯಿತು. ನಾನು ಈ ಮನೆಗೆ ಬಂದ ಮೊದಲ ಬೇಸಿಗೆ ನೆನಪಾಯಿತು. ಗಾಂಜಾ ಹೊಲದಲ್ಲಿ ಗಂಡು ಗಿಡ ಕೀಳುವುದು ಹೆಂಗಸರ ಕೆಲಸವೆಂದು ನಾನು ಒಂದನ್ನೂ ಬಿಡದೆ ಕಿತ್ತು ಬಂದೆ. ನೀವು ತಲೆ ಮೇಲೆ ಕೈಹೊತ್ತು, "ಮಾರಾಯ್ತಿ, ಬೀಜಕ್ಕೆ ಒಂದಾದ್ರೂ ಗಂಡು ಬೇಡ್ವೇನೆ?" ಅಂದಿರಿ. ಅತ್ತೆ ಬಾಗಿಲಲ್ಲಿ ನಿಂತು, "ನಿನ್ನನ್ನ ಬಿಟ್ಟಿದಾಳಲ್ಲ, ಸಾಕು ಸುಮ್ಮನಿರು" ಅಂದಿದ್ದರು. ಮರುವರ್ಷ ನೀವೇ ಕಾಗದ ಹಾಸಿ, ಗಂಡು ಹೂ ತಟ್ಟಿ ಹಳದಿ ಪುಡಿ ಉದುರಿಸುವುದನ್ನು ಕಲಿಸಿದಿರಿ. ಅದನ್ನು ನೆರಳಲ್ಲಿ ಒಣಗಿಸಿ, ಪಸೆ ಹೋಗುವಂತೆ ಹುರಿದು ಆರಿಸಿದ ಗೋಧಿಹಿಟ್ಟಿನಲ್ಲಿ ಬೆರೆಸಿ, ಸೀಸೆಗೆ ತುಂಬಿ ಫ್ರೀಜರಿನಲ್ಲಿಡುತ್ತಿದ್ದೆವು. ಹುಬ್ಬೆಲ್ಲ ಹಳದಿಯಾಗಿ ನೀವು ಸೀನುತ್ತಿದ್ದಿರಿ, ಪುಡಿ ಹಾರಿತೆಂದು ನನ್ನನ್ನೇ ಬೈಯುತ್ತಿದ್ದಿರಿ. ಈಗ ಆ ಬೈಗುಳವೂ ಬೇಕೆನಿಸುತ್ತದೆ.

ಈಗ ಹೇಳುವುದಕ್ಕೆ ಕೋಪ ಮಾಡಿಕೊಳ್ಳಬೇಡಿ. ಕಣಿವೆ ತುಂಬ ಹೊರಗಿನ ತಳಿ ಬಂದಿದೆ, ಗಾಳಿಗೆ ನಮ್ಮ ಬೀಜವೂ ಬೆರೆತುಹೋಗಿದೆ. ಮಾವನವರ ಕಾಲದ, ಹೆಚ್ಚು ನೀರು ಕೇಳದ ಗಿಡ್ಡ ತಳಿಯ ಪರಾಗ ಮನೆಯಲ್ಲಿ ಉಳಿದಿದ್ದುದು ಆ ಸೀಸೆಯಲ್ಲಿ ಮಾತ್ರ. ರಂಜಾನಿನ ಕೊನೆಯ ಸಂಜೆ ಅತ್ತೆ ಅದನ್ನೇ ಹಿಟ್ಟೆಂದುಕೊಂಡು ನೀರಲ್ಲಿ ಕಲಸಿ, ಹರೀರಾ ಸೂಪು ಗಟ್ಟಿಯಾಗಲೆಂದು ಸುರಿದುಬಿಟ್ಟರು. ನೆಂಟರೆಲ್ಲ ಎರಡೆರಡು ಬಟ್ಟಲು ಕುಡಿದು ಹೊಗಳಿದರು. ನಾನು ಖಾಲಿ ಸೀಸೆ ಹಿಡಿದು ಒಲೆ ಮುಂದೆ ಅಳುತ್ತಾ ಕೂತೆ.

ಆ ಪರಾಗದಲ್ಲಿ ಅರ್ಧವನ್ನು ನೀವು ಪೊಲೀಸರಿಗೆ ಹೆದರಿ ಓಡಿದ ದಿನ ಇನ್ನೊಂದು ಸೀಸೆಯಲ್ಲಿ ಜೊತೆಗೆ ಒಯ್ದಿದ್ದಿರಿ. ಮೀನಿನ ಐಸ್ ಗೋದಾಮಿನಲ್ಲಿಟ್ಟಿದ್ದೇನೆ ಅಂತ ಬರೆದಿದ್ದಿರಿ. ಹೆಣ್ಣು ಗಿಡಗಳು ಜುಲೈಯಲ್ಲಿ ಹೂಬಿಡುತ್ತವೆ, ಅಷ್ಟರೊಳಗೆ ಅದು ಇಲ್ಲಿಗೆ ಬಾರದಿದ್ದರೆ ತಳಿ ಮುಗಿದಂತೆ. ಗಾಂಜಾ ಬೆಳೆದ ರೈತರ ಮೇಲಿನ ಕೇಸು ರದ್ದಾಗಿ ಎಂಟು ತಿಂಗಳಾಯಿತು. ಪಟ್ಟಿಯಲ್ಲಿ ನಿಮ್ಮ ಹೆಸರನ್ನು ನಾನೇ ಬೆರಳಿಟ್ಟು ಓದಿದೆ. ನಿಮ್ಮ ಜೊತೆ ಓಡಿದವರು ವಾಪಸ್ ಬಂದು, ಲೈಸೆನ್ಸ್ ಪಡೆದು, ಔಷಧಿಗೆಂದು ಬೆಳೆಯುತ್ತಿದ್ದಾರೆ. ನಿಮಗೊಬ್ಬರಿಗೇ ನಂಬಿಕೆಯಿಲ್ಲ. ಬರಲು ಇನ್ನೂ ಹೆದರಿಕೆಯಾದರೆ ಸೀಸೆಯನ್ನು ಐಸಿನಲ್ಲಿಟ್ಟು ಬಸ್ಸಿನವನ ಕೈಯಲ್ಲಿ ಕಳಿಸಿ.

ದೇವರು ನಿಮ್ಮನ್ನು ಬೆಚ್ಚಗಿಟ್ಟಿರಲಿ.

ನಿಮ್ಮ
ಯಾಮ್ನಾ

ತಾ.ಕ.: ಕಾಗದ ಓದಿಸಿಕೊಂಡ ಅತ್ತೆ, ಬಸ್ಸಿನವನ ಮಾತು ಹೊಡೆದುಹಾಕು ಅನ್ನುತ್ತಿದ್ದಾರೆ. ಹುರಿದ ಹಿಟ್ಟಿನ ವಾಸನೆ ತಿಳಿಯದಷ್ಟು ಮುದುಕಿಯಾಗಿಲ್ಲವಂತೆ, ಗೊತ್ತಿದ್ದೇ ಸುರಿದರಂತೆ. "ಸಾಯ್ತಿದೀನಿ ಅಂತ ಮೂರು ಸಲ ಹೇಳಿಕಳಿಸಿದೆ, ಬರಲಿಲ್ಲ. ಬೀಜ ಹೋಯ್ತು ಅಂದ್ರೆ ಬರ್ತಾನೆ" ಅನ್ನುತ್ತಾರೆ. ಸೀಸೆ ಕಳಿಸಬೇಡಿ. ನೀವೇ ತನ್ನಿ.