ಕಪ್ತಾನನನ್ನು ನೋಡಿ ನಕ್ಕ ದಿನ

ಅಕ್ಕಾ,

ಇದನ್ನು ಬರೆಯುತ್ತಲೇ ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಿದ್ದೇನೆ. ನೀನಿದ್ದರೆ ಬೈಯುತ್ತಿದ್ದೆ: "ಲೇ ಬಸೂ, ಚಿಲಕಾ ಏನ್ ಓಡಿ ಹೊಕ್ಕೈತೇನೋ? ಕುಂದರು ಸುಮ್ನ." ಏಳನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು, ಅಕ್ಷರ ಸೊಟ್ಟ ಇದ್ದರೆ ತಿದ್ದಿಕೊಂಡು ಓದು. ನಿನ್ನೆ ವಿಜಯಪುರದ ಕೋರ್ಟಿಗೆ ಹೋಗಿದ್ದೆ. ಅದನ್ನೇ ಹೇಳಬೇಕು. ಆದರೆ ಅದಕ್ಕೂ ಮೊದಲು...

ನೆನಪಿದೆಯಾ, ಮಮದಾಪುರದ ನಿನ್ನ ಅಂಗನವಾಡಿಯ ಕಿಟಕಿಗೆ ಗೋಣಿಚೀಲ ಕಟ್ಟಿ, ಗೋಡೆಗೆ ಅಪ್ಪನ ಧೋತರ ಹಾಕಿ, ಆ ಸಮುದ್ರದ ಕಾರ್ಟೂನ್ ಸಿನಿಮಾ ತೋರಿಸುತ್ತಿದ್ದದ್ದು? ನಾನು ಸೊಲ್ಲಾಪುರ ರಸ್ತೆಯ ವೆಲ್ಡಿಂಗ್ ಅಂಗಡಿಯಿಂದ ರವಿವಾರ ಊರಿಗೆ ಬಂದು ವೈರು ಜೋಡಿಸಿ ಕೊಡುತ್ತಿದ್ದೆ. ಸಿನಿಮಾ ಇಂಗ್ಲಿಷಿನದು. ನೀನು ಸದ್ದು ಬಂದ್ ಮಾಡಿ ಎಲ್ಲ ಮೀನುಗಳ ಮಾತನ್ನೂ ನೀನೇ ಆಡುತ್ತಿದ್ದೆ. ಮುದಿ ಆಮೆಯ ಗಂಟಲಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ, "ಯಪ್ಪಾ, ಯಾವ ಹುಚ್ಚಪ್ಯಾಲಿ ಒಗದಾನೋ ಇದನ್ನ, ಹಪ್ಪಳಾ ಅಂತ ತಿಂದ್ನೆಲ್ಲೋ!" ಸಮುದ್ರವನ್ನೇ ಕಾಣದ ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದವು. ಬಲೆ ಎಳೆಯುವ ಹಡಗು ಬಂತೆಂದರೆ ಮಾತ್ರ ಧೋತರಕ್ಕೆ ಕಲ್ಲು ಬೀಳುತ್ತಿದ್ದವು. ಯಾರ ಕಣ್ಣಿಗಾದರೂ ಬಡಿದರೆ ಎಂದು ನನಗೆ ಜೀವವೇ ಇರುತ್ತಿರಲಿಲ್ಲ. ಕೊನೆಗೆ ಹಡಗಿನ ಕಪ್ತಾನ ನೀರಿಗೆ ಬಿದ್ದು ತಲೆ ಮೇಲೆ ಪಾಚಿ ಹೊತ್ತು ಏಳುತ್ತಾನೆ. ಆಗ ನೀನು ಕೂಗುತ್ತಿದ್ದೆ, ನಿನ್ನ ಜೋಡಿ ಮಕ್ಕಳೂ ಕೂಗುತ್ತಿದ್ದವು: "ಏ ಕಪ್ತಾನಾ, ತಲಿ ಮ್ಯಾಲೆ ಮೆಂತೆಪಲ್ಲೆ ಬೆಳದೀಯೇನೋ?"

ಆ ರವಿವಾರ ಮುಂಜಾನೆ ಕೆರೆಯ ಕಡೆಯಿಂದ ಸಿಡಿದ ಸದ್ದು ಬಂದಾಗ ನಾವಿಬ್ಬರೂ ಚಹಾ ಕುಡಿಯುತ್ತಿದ್ದೆವು. ನಮ್ಮ ಓಣಿಯ ಗುರುಸಿದ್ಧ, ಬಾವಿ ತೋಡುವಾಗ ಬಂಡೆ ಒಡೆಯುವ ಮದ್ದನ್ನು ತಂದು ಮೀನಿಗೆ ಒಗೆದಿದ್ದ. ಓಡಿ ಹೋದರೆ ಕೆರೆಯ ತುಂಬ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕೆಲವಕ್ಕೆ ಕಣ್ಣು ಹೊರಗೆ ಬಂದಿತ್ತು. ಬೆರಳುದ್ದದ ಮರಿಗಳ ಹೊಟ್ಟೆ ಸೀಳಿ ಕರುಳು ನೀರಲ್ಲಿ ದಾರದಂತೆ ಆಡುತ್ತಿತ್ತು. ಮಕ್ಕಳು ನಮಗಿಂತ ಮೊದಲೇ ದಂಡೆಗೆ ಬಂದು ನಿಂತಿದ್ದವು. ಗುರುಸಿದ್ಧನ ಕೈಯಲ್ಲಿ ಇನ್ನೊಂದು ಮದ್ದು. ನೀನು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೆ.

"ಒಗಿ ನೋಡೂಣು. ನನ್ನ ಮ್ಯಾಲೆ ಒಗಿ."

"ದೂರ ಸರಿ ಬೇ. ಮೀನು ಏನ್ ನಿನ್ನ ಬೀಗರೇನು?"

"ಹೌದು, ಬೀಗರ. ಕೂಸುಗೋಳು ನಿಂತಾವ, ಕಣ್ಣು ಕಾಣಂಗಿಲ್ಲೇನು ನಿನಗ?"

ಅವನು ಮದ್ದನ್ನು ದಂಡೆಗಿಟ್ಟು ನಿನ್ನನ್ನು ನೂಕಲು ಬಂದ; ತಾನೇ ಜಾರಿ ನೀರಿಗೆ ಬಿದ್ದ. ಎದ್ದಾಗ ತಲೆಯ ಮೇಲೆ ಪಾಚಿ. ಮಕ್ಕಳಾದರೂ ಏನು ಮಾಡಿಯಾವು? ಸಿನಿಮಾ ಮುಗಿಯಿತು, ಗೆದ್ದೆವು ಎಂದುಕೊಂಡವು. ಒಂದೇ ದನಿಯಲ್ಲಿ ಕೂಗಿದವು: "ಏ ಕಪ್ತಾನಾ, ತಲಿ ಮ್ಯಾಲೆ..." ನೀನೂ ನಕ್ಕುಬಿಟ್ಟೆ ಅಕ್ಕಾ. ಆ ನಗು ಇನ್ನೂ ನಿನ್ನ ಮುಖದ ಮೇಲಿರುವಾಗಲೇ ಅವನು ದಂಡೆಯ ಮೇಲಿದ್ದ ತನ್ನ ಬಲೆಯ ಗಳ ಎತ್ತಿ ನಿನ್ನ ತಲೆಗೆ ಹೊಡೆದ. ಹಸಿ ಕಟ್ಟಿಗೆ ಮುರಿದಂಥ ಸದ್ದು. ನೀನು ಬಿದ್ದ ಮೇಲೂ ಇನ್ನೊಂದು ಹೊಡೆದ.

ವಿಜಯಪುರದ ದವಾಖಾನೆಗೆ ಹೊರಟ ಟಂಟಂ ಗಾಡಿಯಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಬಬಲೇಶ್ವರ ದಾಟುವಾಗ ನಿನ್ನ ಬಾಯಿ ತೆರೆದು ಮುಚ್ಚುತ್ತಿತ್ತು, ಸದ್ದಿಲ್ಲದೆ. ರಕ್ತ ನನ್ನ ಪ್ಯಾಂಟು ತೋಯಿಸಿ ಇಳಿದು ಚಪ್ಪಲಿಯಲ್ಲಿ ನಿಂತಿತ್ತು. ಏನು ಹೇಳಬೇಕೆಂದಿದ್ದೆ ನೀನು? ಸಾರವಾಡ ಬರುವಷ್ಟರಲ್ಲಿ...

ನಿನ್ನ ದಿನಕರ್ಮ ಮುಗಿಸಿ ಕುಳಿತಿದ್ದೆ, ಊರ ಹಿರಿಯರು ಬಂದರು. "ಆಗಿದ್ದು ಆತು ತಮ್ಮಾ. ಕಾಲು ಜಾರಿ ಕಲ್ಲಿಗೆ ಬಿದ್ಲು ಅಂತ ಹೇಳಿ ಮುಗಸು. ನೀನೂ ಇದ ಊರಾಗ ಬಾಳೇವು ಮಾಡಬೇಕಲ್ಲ." ಅಂದು ದಂಡೆಯ ಮೇಲಿದ್ದ ದೊಡ್ಡವನು ನಾನೊಬ್ಬನೇ. ನಾನು ಬಾಯಿ ಬಿಡದಿದ್ದರೆ ನೀನು ಜಾರಿ ಬಿದ್ದವಳೇ ಆಗುತ್ತಿದ್ದೆ. ಗುರುಸಿದ್ಧನ ಕಡೆಯ ಹುಡುಗರು ಅಂಗಡಿಗೂ ಬಂದು ನನ್ನ ಕೊರಳ ಪಟ್ಟಿ ಹಿಡಿದು ಗೋಡೆಗೆ ಬಡಿದರು. ಹೇಳಲೇ, ಬಿಡಲೇ ಎಂದು ರಾತ್ರಿಯಿಡೀ ಎದ್ದೆದ್ದು ಚಿಲಕ ನೋಡುತ್ತಿದ್ದೆ. ಆ ಸಿನಿಮಾದ ಮೇಲೂ ಸಿಟ್ಟು ಬಂತು. ಅಷ್ಟು ದೊಡ್ಡ ಸಮುದ್ರ, ಅಷ್ಟು ಬಲೆ, ಒಂದು ಹನಿ ರಕ್ತ ತೋರಿಸಲಿಲ್ಲ! ಕಪ್ತಾನ ಬಿದ್ದ ಕೂಡಲೇ ಎಲ್ಲರೂ ನಕ್ಕು ಮನೆಗೆ ಹೋಗುತ್ತಾರೆ. ಎದ್ದ ಮೇಲೆ ಅವನು ಏನು ಮಾಡುತ್ತಾನೆ ಎಂದು ಯಾಕೆ ತೋರಿಸಲಿಲ್ಲ ಅವರು? ಮಕ್ಕಳು ಅಂಜುತ್ತವೆ ಎಂದೇ? ಸುತ್ತಿಗೆ ತೆಗೆದುಕೊಂಡು ನಿನ್ನ ಪ್ರೊಜೆಕ್ಟರನ್ನು ಪುಡಿಪುಡಿ ಮಾಡಿದೆ. ಕೈ ಕೊಯ್ದುಕೊಂಡಿತು. ಸಿಟ್ಟು ಇಳಿಯಲಿಲ್ಲ.

ನಿನ್ನೆ ಕಟಕಟೆ ಹತ್ತಿದೆ. ಗುರುಸಿದ್ಧನ ವಕೀಲರು ಎಷ್ಟನೇತ್ತಾ ಓದೀರಿ ಎಂದು ಮೊದಲೇ ಕೇಳಿ ನಗಿಸಿದರು. ಆಮೇಲೆ, "ನಿಮ್ಮಕ್ಕ ಸಿನಿಮಾ ತೋರಿಸಿ ಹುಡುಗರ ತಲಿ ಕೆಡಿಸಿದ್ಲು, ಹೌದಲ್ರಿ? ಮೀನಿನ ಪರವಾಗಿ ಮಾತಾಡ್ತಿದ್ಲಂತ. ಮೀನಿಗೆ ಮಾತು ಬರ್ತಾವೇನ್ರಿ?"

"ಇಲ್ರಿ ಸಾಹೇಬ್ರ, ಬರಂಗಿಲ್ರಿ. ಅದಕ್ಕ ಅಕಿ ಆಡ್ತಿದ್ಲ್ರಿ. ಈಗ ಅಕಿಗೂ ಬರಂಗಿಲ್ರಿ. ಅದಕ್ಕ ನಾ ಬಂದೀನ್ರಿ."

ಯಾರೂ ನಗಲಿಲ್ಲ. ಹೊಡೆದವರು ಯಾರು ಎಂದು ಜಡ್ಜ್ ಸಾಹೇಬರು ಕೇಳಿದರು. ಕೈ ಎತ್ತಿ ತೋರಿಸಿದೆ. ನಿಂತಾಗ ಹೊಡೆದದ್ದನ್ನೂ ಹೇಳಿದೆ, ಬಿದ್ದ ಮೇಲೆ ಹೊಡೆದದ್ದನ್ನೂ ಹೇಳಿದೆ.

ಹೊರಗೆ ಮೆಟ್ಟಿಲ ಮೇಲೆ ಗುರುಸಿದ್ಧನ ಅವ್ವ ಕಾಯುತ್ತಿದ್ದಳು. ಬಂದವಳೇ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು. ನನ್ನ ತುಟಿ ಒಡೆಯಿತು. ನಾನು ಕೈ ಅಡ್ಡ ಹಿಡಿಯಲಿಲ್ಲ. "ನನ್ನ ಮಗನ್ನ ತಿಂದೆಲ್ಲೋ! ಖರೇ ಹೇಳಿ ತಿಂದೆಲ್ಲೋ!" ಎಂದು ಅಲ್ಲೇ ಕುಸಿದು ಎದೆ ಬಡಿದುಕೊಂಡಳು. ಹಿರಿಯರು ಅಲ್ಲೇ ನಿಂತಿದ್ದರು, ಎಲ್ಲರೂ ಕೇಳಿಸಿಕೊಂಡರು.

ನಮ್ಮೂರಲ್ಲಿ ನಾನು ಹೇಳಿದ್ದನ್ನು ಖರೇ ಎಂದು ಬಾಯಿಬಿಟ್ಟು ಅಂದವಳು ಇವಳೇ ಮೊದಲು, ಅಕ್ಕಾ.

ನಿನ್ನ ತಮ್ಮ,
ಬಸು