ಅಪಘಾತವಿಲ್ಲದ ತೊಂಬತ್ತೇಳು ದಿನ

೧೪ ಮಾರ್ಚ್ ೧೯೫೬, ಬುಧವಾರ

ಉಕ್ಕಿನ ಕುಲುಮೆಯ ಹಲಗೆಯ ಮೇಲೆ, ಮೇಸ್ತ್ರಿಯಾದ ನಾನೇ ಇಂದೂ ಬರೆದೆ: ಅಪಘಾತವಿಲ್ಲದೆ ತೊಂಬತ್ತೇಳು ದಿನ. ಅಂಕೆ ದುಂಡಗಿರಲೆಂದು ಒರೆಸಿ ಮತ್ತೆ ಬರೆದೆ, ನನ್ನ ಮುಖಕ್ಕಿಷ್ಟು ಬೆಂಕಿ ಹಾಕ.

ಕಳೆದ ವಾರ ಅವಸರಕ್ಕೆ ಬಿದ್ದು, ತೇವ ಆರದ ಎರಕದ ತೊಟ್ಟಿಗೆ ಕರಗಿದ ಉಕ್ಕು ಸುರಿಸಿದವನೂ ನಾನೇ. ಅದು ಸಿಡಿದು ಹೆಂಡತಿಯ ತಮ್ಮನ ಪಾದ ಬೆಂದಿತು. ಅವನು ರಜೆ ಹಾಕಿದರೆ ಎಣಿಕೆ ಸೊನ್ನೆಗಿಳಿಯುತ್ತದೆ, ನೂರನೇ ದಿನ ಎಲ್ಲರಿಗೂ ಸಿಗುವ ಗಡಿಯಾರ ಕೈತಪ್ಪುತ್ತದೆ. ಅದಕ್ಕೇ ಅವನನ್ನು ದಿನಾ ಜೀಪಿನಲ್ಲಿ ತಂದು, ಹಾಜರಿ ಹಾಕಿಸಿ, ಉಗ್ರಾಣದ ಕುರ್ಚಿಯಲ್ಲಿ ಕೂರಿಸುತ್ತೇವೆ.

ಇವತ್ತು ಕಾಲಿನ ಕಟ್ಟು ನಾರುತ್ತಿತ್ತು. ಜೀಪಿಗೆ ಹತ್ತಿಸುವಾಗ ಮೆಲ್ಲಗೆ ಕೇಳಿದ: "ಭಾವ, ನೂರಾದ್ಮೇಲಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀರಾ?"

ಮನೆಗೆ ಬಂದಾಗ ಹೆಂಡತಿ, "ತಮ್ಮನಿಗೆ ಹೇಗಿದೆ ಈಗ?" ಎಂದಳು.

"ಕೆಲಸಕ್ಕೆ ಬಂದಿದ್ದ," ಎಂದೆ.